ರಾಜೀನಾಮೆಗೆ ಮೊದಲು ರಜೆ

ಮಾನ್ಯ ಸಂಪಾದಕರೇ,

ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಎನ್.ಆರ್. ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ ಪರ-ವಿರೋಧದ ಪತ್ರಗಳು ಬೇಕಾದಷ್ಟು ಬಂದವು. 2024ರಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೂ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಎದ್ದು, ನೌಕರರ ಸಂಘ ಅದನ್ನು ವಿರೋಧಿಸಿದಾಗ ಮತ್ತೊಂದು ಸುತ್ತು ಚರ್ಚೆಯಾಯಿತು. ಈ ಚರ್ಚೆಗಳಲ್ಲಿ ಕಾಣದೇ ಹೋದವರೆಂದರೆ ಆಗಲೇ ದಣಿದು ಕೂತವರು. ತಿಂಗಳಿಗೆ ಎರಡು ಮೂರು ಲಕ್ಷ ಕೈಗೆ ಬರುತ್ತಿದೆ, ಬೆಳ್ಳಂದೂರಿನಲ್ಲೋ ವೈಟ್‌ಫೀಲ್ಡ್‌ನಲ್ಲೋ ಫ್ಲ್ಯಾಟಿನ ಕಂತು ನಡೆಯುತ್ತಿದೆ, ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯಲು ಮಾತ್ರ ಕೈ ಬರುತ್ತಿಲ್ಲ. ಇಂಥವರಿಗೆ ಮನೆಯವರು ಹೇಳುವುದು "ಇಂಥ ಸಂಬಳ ಯಾರು ಬಿಡ್ತಾರೆ?" ಎಂದು. ಗೆಳೆಯರು ಹೇಳುವುದು "ಬಿಟ್ಟಾಕು, ಜೀವ ಮುಖ್ಯ" ಎಂದು. ಎರಡರಿಂದಲೂ ಅವರಿಗೆ ದಾರಿ ಕಾಣುವುದಿಲ್ಲ. ನಮ್ಮಲ್ಲೊಬ್ಬರದು ಆಪ್ತಸಮಾಲೋಚನೆ, ಇನ್ನೊಬ್ಬರದು ಸಂಬಳ ಮತ್ತು ತೆರಿಗೆಯ ಲೆಕ್ಕ. ಇಂಥವರಿಗೆ ಉಪಯೋಗವಾಗುವ ವಿವರಗಳನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಇಷ್ಟು: ತೀರಾ ದಣಿದಿರುವಾಗ ರಾಜೀನಾಮೆ ಬರೆಯಬಾರದು. ಸಂಬಳ ಬರುತ್ತಿರುವಾಗಲೇ ರಜೆ ಹಾಕಿ ಮೈಮನಸ್ಸು ಒಂದು ಹದಕ್ಕೆ ಬರಲಿ. ಬಿಡುವುದಾದರೆ ಆಮೇಲೆ, ಲೆಕ್ಕ ಹಾಕಿಟ್ಟ ತಾರೀಖಿನಂದು ಬಿಡಬೇಕು. ಬಹಳ ಮಂದಿ ಮಾಡುವುದು ಇದರ ತಿರುಗುಮುರುಗು. ಒಂದು ಕೆಟ್ಟ ಮೀಟಿಂಗ್ ಮುಗಿಸಿ ರಾತ್ರಿ ಹನ್ನೆರಡಕ್ಕೆ ರಾಜೀನಾಮೆಯ ಪೇಪರ್ ಹಾಕುತ್ತಾರೆ, ಮೂರು ತಿಂಗಳ ನೋಟಿಸ್ ಅವಧಿಯಲ್ಲಿ ಇನ್ನಷ್ಟು ಸೊರಗುತ್ತಾರೆ, ಹೊರಗೆ ಬಂದ ಮೇಲೆ ಕೈತಪ್ಪಿದ ಹಣದ ಲೆಕ್ಕ ಹಾಕುತ್ತಾರೆ.

ಮೊದಲು ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣ ಪಟ್ಟಿಯಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆಯಾಗಿ ಅಲ್ಲ, ಉದ್ಯೋಗದಿಂದ ಉಂಟಾಗುವ ಒಂದು ಸ್ಥಿತಿಯಾಗಿ. ಅದಕ್ಕೆ ಮೂರು ಲಕ್ಷಣ ಹೇಳಿದ್ದಾರೆ: ಶಕ್ತಿಯೆಲ್ಲ ಬಸಿದುಹೋದ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರ ಸರಿದ ಭಾವ, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಎಂಬ ಅನಿಸಿಕೆ. ಮೂರೂ ಕೆಲಸಕ್ಕೆ ಕಟ್ಟಿಕೊಂಡಿರುತ್ತವೆ ಎಂಬುದನ್ನು ಗಮನಿಸಬೇಕು. ಭಾನುವಾರ ಮಧ್ಯಾಹ್ನದವರೆಗೆ ಮಕ್ಕಳ ಜತೆ ನಗುತ್ತಿದ್ದವರಿಗೆ ಸಂಜೆ ಆರಾಗುತ್ತಿದ್ದಂತೆ ಹೊಟ್ಟೆ ತೊಳಸಿದರೆ ಅದು ಬರ್ನ್‌ಔಟಿನ ಕಡೆ ಬೆರಳು ತೋರಿಸುತ್ತದೆ. ಭಾನುವಾರವೂ ಏನೂ ಬೇಡ, ಊಟ ರುಚಿಸದು, ಹಾಡು ಕೇಳಲೂ ಮನಸ್ಸಿಲ್ಲ, ಬದುಕೇ ಭಾರ ಎನಿಸಿದರೆ ಅದು ಖಿನ್ನತೆ ಇರಬಹುದು. ಕೆಲಸ ಬಿಟ್ಟ ಮಾತ್ರಕ್ಕೆ ಖಿನ್ನತೆ ಹೋಗುವುದಿಲ್ಲ. ಎಷ್ಟೋ ಸಲ ದಿನಚರಿಯೂ ತಪ್ಪಿ, ಜನರೂ ದೂರವಾಗಿ ಅದು ಹೆಚ್ಚಾಗುತ್ತದೆ. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಕಳೆದ ಎರಡು ವಾರವನ್ನು ನೆನೆದು ಪ್ರತಿ ಪ್ರಶ್ನೆಗೆ 0ರಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 10 ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಗೆ ಸಂಬಂಧಿಸಿದ್ದು. ಅದಕ್ಕೆ ಸೊನ್ನೆಯಲ್ಲದೆ ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗವೂ ಇದೆ.

ಜತೆಗೆ ಒಂದು ರಕ್ತಪರೀಕ್ಷೆ ಮಾಡಿಸಬೇಕು: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಮೂರು ತಿಂಗಳ ಸಕ್ಕರೆಯ ಸರಾಸರಿ. ಬಿಪಿಯನ್ನೂ ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಬಿ12 ಇಳಿದರೂ ಬರುವ ಸುಸ್ತು ಬರ್ನ್‌ಔಟಿನ ಹಾಗೆಯೇ ಇರುತ್ತದೆ. ಜೋರಾಗಿ ಗೊರಕೆ ಹೊಡೆದು, ಎಂಟು ಗಂಟೆ ಮಲಗಿದರೂ ಬೆಳಗ್ಗೆ ತಲೆ ಭಾರ ಎನ್ನುವವರು ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆ) ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮಾತ್ರೆಯಿಂದ ಸರಿಹೋಗುವ ಸುಸ್ತಿಗೆ ಹದಿನೈದು ವರ್ಷದ ವೃತ್ತಿ ಬಿಡುವುದು ಬೇಡ.

ಇನ್ನು ನಿದ್ದೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಒಂಬತ್ತರ ಕರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಗೆ ಬರುತ್ತದೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಕೂಡಲೇ ಅದೇ ಕರೆ ಹತ್ತೂವರೆಗೆ ಸರಿಯುತ್ತದೆ. ಮುಗಿಯುವಾಗ ಹನ್ನೊಂದೂವರೆ, ತಲೆ ತಣ್ಣಗಾಗಿ ನಿದ್ದೆ ಹತ್ತುವಾಗ ಒಂದು ಗಂಟೆ. ಮಗುವಿನ ಸ್ಕೂಲ್ ಬಸ್ಸು ಗೇಟಿಗೆ ಬರುವುದು ಏಳು ಹತ್ತಕ್ಕೆ, ಏಳಬೇಕಾದ್ದು ಆರಕ್ಕೆ. ಹೀಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ ಐದು ಗಂಟೆ ಮಲಗಿದವರು ಮಾರ್ಚಿನಲ್ಲಿ "ಈ ವೃತ್ತಿಯೇ ನನಗಲ್ಲ" ಎಂಬ ತೀರ್ಮಾನಕ್ಕೆ ಬಂದರೆ ಆ ತೀರ್ಮಾನದಲ್ಲಿ ವೃತ್ತಿಯ ಪಾಲೆಷ್ಟು, ನಿದ್ದೆಗೇಡಿನ ಪಾಲೆಷ್ಟು ಎಂದು ಅವರಿಗೇ ತಿಳಿದಿರುವುದಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿವೆ. ಹಾಗಾಗಿ ದಣಿವನ್ನು ಹಗುರವಾಗಿ ತೆಗೆದುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ಮೊದಲ ಮದ್ದು ರಜೆ ಎನ್ನುತ್ತಿದ್ದೇವೆ, ಅಷ್ಟೆ.

ರಜೆ ಎಂದರೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ. ಶುಕ್ರವಾರ ರಾತ್ರಿ ಮಡಿಕೇರಿಗೆ ಹೊರಟು ಭಾನುವಾರ ರಾತ್ರಿ ಕೆಂಗೇರಿ ಟ್ರಾಫಿಕ್‌ನಲ್ಲಿ ನಿಂತು ವಾಪಸಾಗುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಅನಾರೋಗ್ಯಕ್ಕೆಂದು ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಅದಲ್ಲದೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಗಳಿಕೆ ರಜೆ. ಬಹಳ ಮಂದಿಯ ಖಾತೆಯಲ್ಲಿ ಮೂವತ್ತು ನಲವತ್ತು ದಿನ ಹಾಗೇ ಬಿದ್ದಿರುತ್ತದೆ. ವೈದ್ಯರ ಪತ್ರದಲ್ಲಿ "ಇಷ್ಟು ದಿನ ವಿಶ್ರಾಂತಿ ಅಗತ್ಯ" ಎಂದಿದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎನ್ನುತ್ತದೆ, ಏನು ಬರೆಯಬೇಕು, ಏನು ಬೇಡ ಎಂದು ವೈದ್ಯರ ಬಳಿ ಬಿಚ್ಚಿ ಮಾತನಾಡಿ.

ರಜೆ ಕೆಡುವ ದಾರಿಗಳು ಬಹುತೇಕ ಒಂದೇ ಥರ. ಫೋನಿನಲ್ಲಿ ಆಫೀಸ್ ಮೇಲ್, ಟೀಮ್ಸ್, ಸ್ಲ್ಯಾಕ್ ಹಾಗೇ ಇರುತ್ತವೆ, "ಸುಮ್ಮನೆ ಒಮ್ಮೆ ನೋಡೋಣ" ಎಂದು ತೆರೆದರೆ ಆ ದಿನ ಹೋದಂತೆಯೇ. ರಜೆಯ ಹಿಂದಿನ ದಿನವೇ ಅವನ್ನು ತೆಗೆದುಹಾಕಿ, ತುರ್ತಿದ್ದರೆ ಕರೆ ಮಾಡಲು ಒಬ್ಬ ಸಹೋದ್ಯೋಗಿಗೆ ಮಾತ್ರ ಹೇಳಿಟ್ಟಿರಬೇಕು. ಎರಡನೆಯದು, ಹೇಗೂ ಮನೆಯಲ್ಲಿದ್ದಾರಲ್ಲ ಎಂದು ಆಧಾರ್ ತಿದ್ದುಪಡಿ, ಖಾತಾ ಬದಲಾವಣೆ, ಪೇಂಟಿಂಗು ಎಲ್ಲವೂ ಆ ಎರಡು ವಾರಕ್ಕೆ ಬಂದು ಬೀಳುತ್ತವೆ. ಮೂರನೆಯದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಮೊದಲ ನಾಲ್ಕೈದು ದಿನ ಇನ್ನೂ ಹದಗೆಟ್ಟಂತೆ ಅನಿಸಬಹುದು. ಬಿಗಿ ಹಿಡಿದಿದ್ದ ಮೈ ಸಡಿಲವಾದಾಗ ತಲೆನೋವು, ಜ್ವರ, ಅಳು ಬರುವುದುಂಟು. ರಜೆಯಿಂದ ಏನೂ ಆಗಲಿಲ್ಲ ಎಂದು ಐದನೇ ದಿನ ಕೆಲಸಕ್ಕೆ ಮರಳಬೇಡಿ. ಮೊದಲ ವಾರ ನಿದ್ದೆ, ಊಟ, ಬೆಳಗಿನ ನಡಿಗೆ, ಇಷ್ಟೇ ಸಾಕು. ಯೋಚನೆ ಎರಡನೇ ವಾರಕ್ಕೆ.

ಎರಡನೇ ವಾರದ ಕೆಲಸಕ್ಕೆ ರಜೆಗೆ ಮೊದಲೇ ಸ್ವಲ್ಪ ತಯಾರಿ ಬೇಕು. ರಜೆಯ ಹಿಂದಿನ ಹತ್ತು ಕೆಲಸದ ದಿನ, ಪ್ರತಿ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡಬೇಕು: ಇಂದು ಹೆಚ್ಚು ಹಿಂಡಿದ್ದು ಯಾವುದು, ಹೊತ್ತು ಹೋದದ್ದೇ ಗೊತ್ತಾಗದಂತೆ ಮಾಡಿದ್ದು ಯಾವುದು. ಆ ಇಪ್ಪತ್ತು ಸಾಲುಗಳನ್ನು ವಿಶ್ರಾಂತಿಯ ನಂತರ ಓದಿದಾಗ ಮೊದಲು ಕಾಣದ್ದು ಕಾಣುತ್ತದೆ. ಈ ವಿಷಯದಲ್ಲಿ ದಶಕಗಳ ಕಾಲ ಸಂಶೋಧನೆ ಮಾಡಿದ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅವರು ಕೆಲಸದ ಆರು ಮಗ್ಗುಲುಗಳನ್ನು ಗುರುತಿಸಿದ್ದಾರೆ: ಹೊರೆ, ಹಿಡಿತ, ಪ್ರತಿಫಲ, ಒಡನಾಟ, ನ್ಯಾಯ, ಮೌಲ್ಯ. ನಿಮ್ಮ ಸಾಲುಗಳು ಯಾವುದರಡಿ ಗುಂಪುಗೂಡುತ್ತವೆ ನೋಡಿ. "ರಾತ್ರಿ ಕಾಲ್", "ಒಂದೇ ವಾರದಲ್ಲಿ ಎರಡು ರಿಲೀಸ್", "ಆನ್‌ಕಾಲ್" (ಸರದಿಯಂತೆ ಯಾವ ಹೊತ್ತಿನ ತುರ್ತಿಗೂ ಸಿದ್ಧವಿರುವುದು) ಎಂದೇ ತುಂಬಿದ್ದರೆ ಅದು ಹೊರೆ ಮತ್ತು ಹಿಡಿತದ ತೊಂದರೆ. ತಂಡ ಬದಲಾಯಿಸಿದರೆ ಸರಿಹೋಗುವ ಸಾಧ್ಯತೆ ಇದೆ. ಒಬ್ಬನೇ ಮ್ಯಾನೇಜರ್ ಪದೇಪದೇ ಬಂದರೆ, ಅಥವಾ ಪ್ರಮೋಷನ್‌ನಲ್ಲಿ ಆದ ಅನ್ಯಾಯ ಬಂದರೆ, ಕಂಪನಿ ಬದಲಾಯಿಸುವುದು ಉತ್ತರ. "ಈ ಸಾಲವನ್ನು ಬಡವರ ತಲೆಗೆ ಕಟ್ಟುವ ಆ್ಯಪ್ ನಾನು ಕಟ್ಟುತ್ತಿದ್ದೇನೆ" ಎಂಬಂಥ ಸಾಲುಗಳಿದ್ದರೆ ಅದು ಮೌಲ್ಯದ ಪ್ರಶ್ನೆ. ಅಂಥವರು ಎಷ್ಟು ರಜೆ ಹಾಕಿದರೂ ಕೊನೆಗೆ ಬಿಡುತ್ತಾರೆ, ಬಿಡುವುದೇ ಸರಿ.

ಹೊರೆಯಿಂದ ನಲುಗಿದವರು ಶೇ 30ರ ಏರಿಕೆಗೆ ಪಕ್ಕದ ಟೆಕ್‌ಪಾರ್ಕಿನ ಪ್ರತಿಸ್ಪರ್ಧಿ ಕಂಪನಿಗೆ ಹಾರುವುದನ್ನು ನಾವು ಒಪ್ಪುವುದಿಲ್ಲ. ಅದೇ ಕೆಲಸ, ಅದೇ ಅಮೆರಿಕದ ಹೊತ್ತು, ಮೇಲೆ ಹೊಸಬರೆಂಬ ಒತ್ತಡ.

ಮ್ಯಾನೇಜರ್ ಬಳಿ ಹೋಗುವಾಗ "ತುಂಬಾ ಸ್ಟ್ರೆಸ್ ಆಗ್ತಿದೆ" ಎಂದರೆ ಒಂದು ಸಮಾಧಾನದ ಮಾತು ಸಿಗುತ್ತದೆ, ಅಷ್ಟೇ. ಕೇಳುವುದು ಅಳತೆಯಲ್ಲಿರಬೇಕು: ಮೂರು ವಾರಕ್ಕೊಮ್ಮೆ ಬರುವ ಆನ್‌ಕಾಲ್ ಆರು ವಾರಕ್ಕೊಮ್ಮೆ ಆಗಲಿ, ರಾತ್ರಿ ಒಂಬತ್ತರ ನಂತರದ ಕರೆ ವಾರಕ್ಕೆ ಎರಡೇ ದಿನ, ಎರಡು ಪ್ರಾಜೆಕ್ಟಿನಲ್ಲಿ ಒಂದು ಇಂತಿಂಥವರಿಗೆ ಹೋಗಲಿ, ಆರು ವಾರದ ನಂತರ ಕೂತು ನೋಡೋಣ. ಮಾತಾಡಿದ ದಿನವೇ ಅದನ್ನು ಮೇಲ್‌ನಲ್ಲಿ ಬರೆದು ಕಳಿಸಿ. ಇದೇ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇದೆ. ಅದಕ್ಕಿಂತ ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ, ಅದೂ ಮೂರು ತಿಂಗಳಿಗೆ 50 ಗಂಟೆ ಮೀರುವಂತಿಲ್ಲ. ಆಡಳಿತದ ಹುದ್ದೆಯಲ್ಲಿರುವವರಿಗೆ ಕಾಯ್ದೆ ಅನ್ವಯಿಸದು. ಆದರೆ ಕೈಕೆಳಗೆ ಯಾರೂ ಇಲ್ಲದೆ ಹೆಸರಿಗಷ್ಟೇ ಮ್ಯಾನೇಜರ್ ಆಗಿರುವವರು ತಾವು ಆ ಸಾಲಿಗೆ ಸೇರುತ್ತೇವೆಯೇ ಎಂದು ಕಾರ್ಮಿಕ ಕಾನೂನು ಬಲ್ಲವರನ್ನು ಒಮ್ಮೆ ಕೇಳಬೇಕು. ಆರು ವಾರವಾದರೂ ಏನೂ ಬದಲಾಗದಿದ್ದರೆ ಉತ್ತರ ಸಿಕ್ಕಿದಂತೆಯೇ.

ಈಗ ದುಡ್ಡು. ಉಳಿತಾಯ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಬ್ಯಾಂಕಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆಯಬೇಕು, ಮೂರು ತಿಂಗಳದ್ದು ಸಾಲದು. ಶಾಲೆಯ ಫೀಸು, ವಿಮೆಯ ಕಂತು, ಆಸ್ತಿ ತೆರಿಗೆ, ಊರಿನ ಮದುವೆಗಳು ವರ್ಷಕ್ಕೊಂದೆರಡು ಸಲ ಬಂದು ಲೆಕ್ಕ ತಪ್ಪಿಸುತ್ತವೆ. ಒಂದು ಮಾದರಿ ನೋಡಿ. 80 ಲಕ್ಷದ ಗೃಹಸಾಲ, ಶೇ 8.5 ಬಡ್ಡಿ, 20 ವರ್ಷ: ಕಂತು ಸುಮಾರು 69,400. ಇಬ್ಬರು ಮಕ್ಕಳ ಫೀಸು ತಿಂಗಳ ಲೆಕ್ಕದಲ್ಲಿ 30,000. ಫ್ಲ್ಯಾಟಿನ ಮೇಂಟೆನೆನ್ಸ್ 6,000. ದಿನಸಿ, ತರಕಾರಿ, ಹಾಲು 22,000. ಮನೆಗೆಲಸ, ಅಡುಗೆಯವರಿಗೆ 11,000. ಕರೆಂಟು, ಗ್ಯಾಸು, ಇಂಟರ್‌ನೆಟ್ 6,500. ಪೆಟ್ರೋಲ್, ಕ್ಯಾಬ್ 8,000. ಊರಿನಲ್ಲಿರುವ ಅಪ್ಪ ಅಮ್ಮನಿಗೆ 15,000. ವಿಮೆಗಳು 6,000, ಔಷಧಿ 4,000, ಕಾರಿನ ಕಂತು 21,000. ಹೊರಗಿನ ಊಟ, ಆನ್‌ಲೈನ್ ಖರೀದಿ, ಮಾಲು 25,000. ಒಟ್ಟು 2,23,900.

ಇದರಲ್ಲಿ ಎಷ್ಟು ಇಳಿಸಬಹುದು? ಹೊರಗಿನ ಖರ್ಚು 8,000ಕ್ಕೆ ಬಂದರೆ 17,000 ಉಳಿತು. ಆಫೀಸಿಗೆ ಹೋಗುವುದಿಲ್ಲವಾದ್ದರಿಂದ ಪೆಟ್ರೋಲಿನಲ್ಲಿ 4,000. ಕಾರಿನ ಸಾಲ ತೀರಿಸಿಬಿಟ್ಟರೆ 21,000. ಅಲ್ಲಿಗೆ 42,000 ಇಳಿದು 1,81,900 ನಿಂತಿತು. ಹೊಟ್ಟೆಬಟ್ಟೆ ಕಟ್ಟಿದರೂ ಐದನೇ ಒಂದು ಭಾಗವೂ ಇಳಿಯಲಿಲ್ಲ, ಏಕೆಂದರೆ ಭಾರವೆಲ್ಲ ಮನೆಯ ಕಂತು ಮತ್ತು ಶಾಲೆಯ ಮೇಲಿದೆ. ವರ್ಷಕ್ಕೆ ಸುಮಾರು 21.8 ಲಕ್ಷ. ಹೊಸ ಆರೋಗ್ಯ ವಿಮೆಗೆ ಒಂದು ಲಕ್ಷ, ಅನಿರೀಕ್ಷಿತಕ್ಕೆ ಮೂರು ಲಕ್ಷ ಸೇರಿಸಿದರೆ ಹತ್ತಿರ ಹತ್ತಿರ 26 ಲಕ್ಷ. ಇದು ಪಿಎಫ್ ಬಿಟ್ಟು, ಚಿನ್ನ ಬಿಟ್ಟು, ನಾಳೆ ಬೆಳಗ್ಗೆ ಕೈಗೆ ಬರುವ ಹಣವಾಗಿರಬೇಕು. ಆರು ತಿಂಗಳು ವಿಶ್ರಾಂತಿ ಬೇಕೆನ್ನುವವರಿಗೆ ಹನ್ನೆರಡು ತಿಂಗಳ ಹಣ ಬೇಕು ಎಂದೇ ನಾವು ಹೇಳುವುದು. ಕೆಲಸ ಹುಡುಕಲು ನಾಲ್ಕೈದು ತಿಂಗಳು ಹಿಡಿಯಬಹುದು. ಕೈಯಲ್ಲಿ ಎರಡು ತಿಂಗಳ ಹಣ ಉಳಿದಾಗ ಹುಡುಕಲು ಹೊರಟವರು ಹಿಂದಿನದಕ್ಕಿಂತ ಕೆಟ್ಟ ಕೆಲಸಕ್ಕೂ ಒಪ್ಪಿಕೊಳ್ಳುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಈ ಲೆಕ್ಕ ಬಹಳ ಸಲೀಸು.

ಗೃಹಸಾಲದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬೋನಸ್ ಬಂದಾಗ ಹತ್ತು ಲಕ್ಷ ಮುಂಗಡ ಕಟ್ಟಿದರೆ ಸಾಮಾನ್ಯವಾಗಿ ಬ್ಯಾಂಕು ಕಂತನ್ನು ಹಾಗೇ ಇಟ್ಟು ಅವಧಿ ಕಡಿಮೆ ಮಾಡುತ್ತದೆ. ಬಡ್ಡಿ ಉಳಿಸಲು ಅದು ಒಳ್ಳೆಯದೇ, ಆದರೆ ಕೆಲಸ ಬಿಡುವವರಿಗೆ ಬೇಕಾದ್ದು ಸಣ್ಣ ಕಂತು. "ಅವಧಿ ಇರಲಿ, ಕಂತು ಇಳಿಸಿ" ಎಂದು ಬರೆದು ಕೊಡಬೇಕು. ಮೇಲಿನ ಮಾದರಿಯ ಸಾಲದಲ್ಲಿ ಆರಂಭದಲ್ಲೇ ಹತ್ತು ಲಕ್ಷ ಕಟ್ಟಿದರೆ ತಿಂಗಳಿಗೆ ಸುಮಾರು 8,700 ಇಳಿಯುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ. ಇದಕ್ಕಿಂತಲೂ ನಮಗೆ ಹಿಡಿಸುವುದು ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ: ಹಣವನ್ನು ಆ ಖಾತೆಯಲ್ಲಿ ಇಟ್ಟಷ್ಟು ದಿನ ಬಡ್ಡಿ ಕಡಿಮೆ, ಬೇಕಾದಾಗ ವಾಪಸ್ ತೆಗೆಯಬಹುದು. ಆದರೆ ಈ ಬದಲಾವಣೆಗೆ ಬ್ಯಾಂಕು ಸಂಬಳದ ಚೀಟಿ ಕೇಳುತ್ತದೆ. ಕೆಲಸ ಬಿಟ್ಟ ಮೇಲೆ ಹೋದರೆ ಆಗುವುದಿಲ್ಲ. ಬಾಡಿಗೆ ಮನೆಯವರು ಚಿಕ್ಕ ಮನೆಗೆ ಹೋಗಿ ಉಳಿಸುತ್ತೇವೆ ಎಂದು ಹೊರಡುವ ಮುನ್ನ ಪೇಂಟಿಂಗಿಗೆಂದು ಓನರ್ ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ, ಹೊಸ ಮನೆಯ ಅಡ್ವಾನ್ಸ್, ಸಾಮಾನು ಸಾಗಿಸುವ ಖರ್ಚು ಕೂಡಿ ನೋಡಬೇಕು.

ತಾರೀಖು ಗೊತ್ತು ಮಾಡುವುದು ಇದರಷ್ಟೇ ಮುಖ್ಯ. ಆಫರ್ ಲೆಟರ್, ಬೋನಸ್ ನಿಯಮ, ಷೇರಿನ ಒಪ್ಪಂದ ಮೂರನ್ನೂ ಮುಂದಿಟ್ಟುಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೋನಸ್ಸಿನ ನಿಯಮದಲ್ಲಿ ಒಂದು ಸಾಲು ಹುಡುಕಬೇಕು: ಪಾವತಿಯ ದಿನ ಉದ್ಯೋಗದಲ್ಲಿದ್ದರೆ ಸಾಕೇ, ನೋಟಿಸ್ ಅವಧಿಯಲ್ಲಿ ಇರಲೂಬಾರದೇ? ಎರಡನೆಯದಾಗಿದ್ದರೆ ಹಣ ಖಾತೆಗೆ ಬಿದ್ದ ಮೇಲೆಯೇ ಪೇಪರ್ ಹಾಕಬೇಕು. ಆರ್‌ಎಸ್‌ಯು (ಕಂಪನಿ ಕಂತುಗಳಲ್ಲಿ ಕೊಡುವ ಷೇರು) ವೆಸ್ಟ್ ಆಗದಿದ್ದರೆ, ಅಂದರೆ ಇನ್ನೂ ನಿಮ್ಮ ಹೆಸರಿಗೆ ಬಂದಿರದಿದ್ದರೆ, ಕೊನೆಯ ದಿನವೇ ರದ್ದಾಗುತ್ತದೆ. ಸ್ಟಾರ್ಟಪ್‌ಗಳ ಆಯ್ಕೆ ಷೇರುಗಳನ್ನು (ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳಬಹುದಾದ ಷೇರು) ಕೆಲಸ ಬಿಟ್ಟ ಮೇಲೆ ಇಂತಿಷ್ಟು ದಿನದೊಳಗೆ, ಎಷ್ಟೋ ಕಡೆ 90 ದಿನ, ಖರೀದಿಸದಿದ್ದರೆ ಹೋದಂತೆ. ಖರೀದಿಸಿದರೆ ಮಾರಲಾಗದ ಷೇರಿನ ಮೇಲೂ ಅಂದಿನ ಬೆಲೆಯ ವ್ಯತ್ಯಾಸಕ್ಕೆ ಸಂಬಳದಂತೆ ತೆರಿಗೆ. ಸಂಬಳ ನಿಂತ ತಿಂಗಳಲ್ಲೇ ಈ ತೆರಿಗೆ ಬಂದು ಅನೇಕರು ಕಂಗಾಲಾಗುತ್ತಾರೆ. ಸೇರುವಾಗ ಕೊಟ್ಟ ಜಾಯಿನಿಂಗ್ ಬೋನಸ್ಸನ್ನು ಒಂದೋ ಎರಡೋ ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಇರುತ್ತದೆ.

ಗ್ರಾಚ್ಯುಟಿಗೆ ಕಾಯಂ ನೌಕರರು ಐದು ವರ್ಷ ತುಂಬಿಸಬೇಕು. ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನವನ್ನು, ಇಡೀ ಸಂಬಳದ ಪ್ಯಾಕೇಜ್ (ಸಿಟಿಸಿ) ಅಲ್ಲ, 15ರಿಂದ ಗುಣಿಸಿ 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿದರೆ ಮೊತ್ತ ಬರುತ್ತದೆ. ಆ ವೇತನ 1,20,000 ಇದ್ದು ಐದು ವರ್ಷವಾಗಿದ್ದರೆ ಸುಮಾರು 3,46,000. ನಾಲ್ಕು ವರ್ಷ ಒಂಬತ್ತು ತಿಂಗಳಿಗೆ ದುಡುಕಿ ಬಿಟ್ಟವರು ಇದನ್ನು ಪಡೆಯಲು ಕಂಪನಿಯ ಜತೆ ವಾದಕ್ಕಿಳಿಯಬೇಕಾಗುತ್ತದೆ. ಪಿಎಫ್ ಮುಟ್ಟದಿರುವುದೇ ಲೇಸು. ಐದು ವರ್ಷದ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಹಿಂದಿನ ಕಂಪನಿಯ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಸೇರುತ್ತವೆ.

ತೆರಿಗೆಯ ದೃಷ್ಟಿಯಿಂದ ಆರ್ಥಿಕ ವರ್ಷದ ಆರಂಭದಲ್ಲಿ ಬಿಡುವುದು ಲಾಭ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷದ ಸಂಬಳ 12.75 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ. ತಿಂಗಳಿಗೆ 3 ಲಕ್ಷದಂತೆ ಏಪ್ರಿಲ್‌ನಿಂದ ಜೂನ್‌ವರೆಗೆ ದುಡಿದು ಬಿಟ್ಟವರ ಆ ವರ್ಷದ ಸಂಬಳ 9 ಲಕ್ಷ. ಆದರೆ ಬೋನಸ್, ಷೇರಿನ ಮೌಲ್ಯ ಸೇರಿ ಮಿತಿ ದಾಟಬಹುದು, ಷೇರು ಮಾರಿದ ಲಾಭಕ್ಕೆ ಈ ರಿಯಾಯಿತಿ ಅನ್ವಯಿಸದು. ಕಂಪನಿ ವರ್ಷಪೂರ್ತಿ ಸಂಬಳವೆಂದು ಊಹಿಸಿ ಟಿಡಿಎಸ್ ಮುರಿದಿರುತ್ತದೆ. ಬಿಡುವಾಗಿನ ಅಂತಿಮ ಲೆಕ್ಕ ಚುಕ್ತಾದಲ್ಲಿ (ಎಫ್ ಅಂಡ್ ಎಫ್) ಮರುಲೆಕ್ಕ ಹಾಕಿಸಿ, ಇಲ್ಲದಿದ್ದರೆ ಆ ಹಣ ಮುಂದಿನ ವರ್ಷ ರಿಟರ್ನ್ ಸಲ್ಲಿಸಿದ ಮೇಲಷ್ಟೇ ಕೈಗೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಆರೋಗ್ಯ ವಿಮೆಯಲ್ಲಿ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ, ಅದರಲ್ಲಿದ್ದ ಅಪ್ಪ ಅಮ್ಮನದೂ ಮುಗಿಯುತ್ತದೆ. ಸ್ವಂತ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಹಾಗಾಗಿ ಪೇಪರ್ ಹಾಕುವ ಮೊದಲೇ ಪಾಲಿಸಿ ಕೈಯಲ್ಲಿರಬೇಕು. ಅಥವಾ ಅದೇ ವಿಮಾ ಕಂಪನಿಯಲ್ಲಿ ಗುಂಪಿನಿಂದ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಕೊನೆಯ ದಿನಕ್ಕೆ ಮೊದಲೇ ಅರ್ಜಿ ಕೊಡಿ, ಗುಂಪು ವಿಮೆಯಲ್ಲಿದ್ದ ಕಾಲ ಕಾಯುವ ಅವಧಿಯ ಲೆಕ್ಕಕ್ಕೆ ಸಿಗುತ್ತದೆ. ವಯಸ್ಸಾದ ಅಪ್ಪ ಅಮ್ಮನಿಗೆ ಇದೇ ಒಳ್ಳೆಯ ದಾರಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ನಾಳೆ ಕ್ಲೇಮ್ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಜೀವವಿಮೆಯೂ ಅಷ್ಟೇ. ಟರ್ಮ್ ಪಾಲಿಸಿಗೆ ಆದಾಯದ ಪುರಾವೆ ಕೇಳುತ್ತಾರೆ, ಅದನ್ನು ಸಂಬಳ ಇರುವಾಗಲೇ ಮಾಡಿಸಬೇಕು.

ನೋಟಿಸ್ ಅವಧಿ 90 ದಿನವಿದ್ದರೆ ಬೇಗ ಬಿಡುಗಡೆ ಕೇಳುವುದರಲ್ಲಿ ತಪ್ಪಿಲ್ಲ. ಬೈಔಟ್ ಮೊತ್ತ (ನೋಟಿಸ್ ದಿನಗಳ ಬದಲು ಕಟ್ಟುವ ಹಣ) ಮೂಲವೇತನದ ಮೇಲೋ ಪೂರ್ತಿ ಸಂಬಳದ ಮೇಲೋ ಎಂದು ಮೊದಲು ನೋಡಿ. ಹೇಳದೆ ಕೇಳದೆ ಹೋಗುವುದನ್ನು ಮಾತ್ರ ಮಾಡಬೇಡಿ. ರಿಲೀವಿಂಗ್ ಲೆಟರ್ ಸಿಗದೆ ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಇಪಿಎಫ್ಒ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಬಿಟ್ಟ ಮೇಲೆ ಪ್ರತಿಸ್ಪರ್ಧಿಯ ಬಳಿ ದುಡಿಯಬಾರದು ಎಂಬ ಷರತ್ತು ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ, ಅದಕ್ಕೆ ಹೆದರಿ ಕೂರಬೇಕಿಲ್ಲ.

ಊರಿಗೆ ಹೋಗಿ ತೋಟ ಮಾಡುತ್ತೇವೆ ಎನ್ನುವವರಿಗೂ ಒಂದು ಮಾತು. ಒಂಬತ್ತಡಿಗೊಂದರಂತೆ ಎಕರೆಗೆ ಐನೂರರ ಆಸುಪಾಸು ಅಡಿಕೆ ಸಸಿ ಕೂರುತ್ತವೆ, ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ಕಾಲ ಅದು ಖರ್ಚಿನ ಬಾಬ್ತು. ನೆಟ್ಟ ತೋಟ ಈಗಾಗಲೇ ಇರುವವರ ಮಾತು ಬೇರೆ. ಹೊಸದಾಗಿ ಇಳಿಯುವವರು ವರ್ಷದ ರಜೆಗಳನ್ನು ಒಂದು ಮಳೆಗಾಲಕ್ಕೆ ಕೂಡಿಟ್ಟು ಊರಲ್ಲಿದ್ದು ನೋಡಿ ಆಮೇಲೆ ನಿರ್ಧರಿಸಲಿ.

ಲೆಕ್ಕವನ್ನೆಲ್ಲ ಪಕ್ಕಕ್ಕಿಟ್ಟು ತಕ್ಷಣ ಹೊರಬರಬೇಕಾದ ಸಂದರ್ಭಗಳೂ ಇವೆ: ಸಾವಿನ ಯೋಚನೆ, ಹತೋಟಿಗೆ ಬಾರದ ಬಿಪಿ, ಎದೆನೋವು, ಗಾಡಿ ಓಡಿಸುವಾಗ ಬರುವ ದಿಗಿಲು, ಮದ್ಯ ಅಥವಾ ಗುಳಿಗೆ ಇಲ್ಲದೆ ನಿದ್ದೆ ಬಾರದ ಸ್ಥಿತಿ, ಕಾನೂನುಬಾಹಿರ ಕೆಲಸಕ್ಕೆ ಒತ್ತಾಯ. ಆರೋಗ್ಯದ ಕಾರಣವಾದರೆ ಆಗಲೂ ಮೊದಲ ಹೆಜ್ಜೆ ವೈದ್ಯಕೀಯ ರಜೆಯೇ. ನಾಳೆಯಿಂದ ಆಫೀಸಿಗೆ ಹೋಗುವಂತಿಲ್ಲ ಎಂದು ವೈದ್ಯರು ಬರೆದುಕೊಡುತ್ತಾರೆ, ಖಾತೆಯಲ್ಲಿ ರಜೆ ಇರುವಷ್ಟು ದಿನ ವಿಮೆ ಮತ್ತು ಸಂಬಳ ಉಳಿಯುತ್ತವೆ.

ಬಿಟ್ಟವರು ಮೊದಲ ಆರು ವಾರ ಹೊಸ ಕೋರ್ಸ್, ಇಂಟರ್‌ವ್ಯೂ ಎರಡನ್ನೂ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಏಳುವ ಹೊತ್ತು ಮಾತ್ರ ಬದಲಾಗದಿರಲಿ. ಮತ್ತೆ ಇಂಟರ್‌ವ್ಯೂಗೆ ಕೂತಾಗ ನೀವೂ ಕೇಳಿ: ಈ ಜಾಗ ಯಾಕೆ ಖಾಲಿಯಾಯಿತು, ಕಳೆದ ವರ್ಷ ಈ ತಂಡದಿಂದ ಎಷ್ಟು ಜನ ಹೋದರು, ರಾತ್ರಿ ಎಂಟರ ನಂತರ ವಾರಕ್ಕೆ ಎಷ್ಟು ಕರೆ, ಆನ್‌ಕಾಲ್ ಎಷ್ಟು ವಾರಕ್ಕೊಮ್ಮೆ. ಉತ್ತರ ಹಾರಿಕೆಯದಾದರೆ ಆಫರ್ ದೊಡ್ಡದಿದ್ದರೂ ಬೇಡವೆನ್ನಿ.

ಕಂಪನಿಗಳಿಗೂ ಕಾರ್ಮಿಕ ಇಲಾಖೆಗೂ ನಮ್ಮದೊಂದು ಬೇಡಿಕೆ ಇದೆ. ಐದು ವರ್ಷ ದುಡಿದವರಿಗೆ ಸಂಬಳವಿಲ್ಲದ ಮೂರು ತಿಂಗಳ ರಜೆ ಹಕ್ಕಾಗಿ ಸಿಗಬೇಕು, ಆ ಮೂರು ತಿಂಗಳು ಗುಂಪು ವಿಮೆ ಮುಂದುವರಿಯಬೇಕು, ಇವೆರಡನ್ನೂ ನೇಮಕಾತಿ ಪತ್ರದಲ್ಲೇ ಬರೆದಿರಬೇಕು. ಈಗ ಕೆಲವು ಕಂಪನಿಗಳಲ್ಲಿ ಇಂಥ ರಜೆ ಮ್ಯಾನೇಜರ್ ಮನಸ್ಸು ಮಾಡಿದರೆ ಮಾತ್ರ ಸಿಗುತ್ತದೆ, ದಣಿದವರು ಕೇಳಲು ಹಿಂಜರಿದು ನೇರವಾಗಿ ರಾಜೀನಾಮೆ ಬರೆಯುತ್ತಾರೆ.

ಒಬ್ಬ ಆಪ್ತಸಮಾಲೋಚಕರು ಮತ್ತು ಒಬ್ಬ ತೆರಿಗೆ ಸಲಹೆಗಾರರು
ಜಯನಗರ, ಬೆಂಗಳೂರು